ಎಂಟು ಕೆಜಿಯ ಚೀಲ

"ಅಕ್ಕಾ, ನನ್ನನ್ನ ಅಲ್ಲಿಗೆ ಮಾತ್ರ ಕಳಿಸಬೇಡ" ಎಂದು ಚಿಕ್ಕಾಕೆ ಹೇಳಿದ್ದು ಮಂಗಳವಾರ ಬೆಳಿಗ್ಗೆ, ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿಕೊಂಡು. ನಲವತ್ತನಾಲ್ಕು ವರ್ಷಗಳಲ್ಲಿ ಅವಳು ದೊಡ್ಡಾಕೆಯ ಹತ್ತಿರ ಬಾಯಿ ಬಿಟ್ಟು ಏನನ್ನಾದರೂ ಕೇಳಿದ್ದು ಇದೇ ಮೊದಲು. ಕೇಳಿದವಳೇ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಕೇಳಿದ್ದೇ ಹೆಚ್ಚಾಯಿತು ಅಂದುಕೊಳ್ಳುವಂಥ ಹೆಂಗಸು ಅವಳು.

ಇಬ್ಬರೂ ಓರಗಿತ್ತಿಯರು. ಅಣ್ಣನನ್ನು ಕಟ್ಟಿಕೊಂಡವಳು ದೊಡ್ಡಾಕೆ, ತಮ್ಮನನ್ನು ಕಟ್ಟಿಕೊಂಡವಳು ಚಿಕ್ಕಾಕೆ. ಅತ್ತೆಗೆ ಸೊಸೆಯಂದಿರ ಹೆಸರು ಹಿಡಿದು ಕರೆಯುವಷ್ಟು ಪುರಸೊತ್ತಿರಲಿಲ್ಲ, ಹಾಗಾಗಿ ಬಂದ ವಾರವೇ ಹೀಗೆ ನಾಮಕರಣ ಮಾಡಿಬಿಟ್ಟಿದ್ದಳು. ಅತ್ತೆ ಹೋದಳು, ಅಣ್ಣ ಹೋದ, ತಮ್ಮನೂ ಹೋದ. ಅವಳು ಇಟ್ಟ ಹೆಸರುಗಳು ಮಾತ್ರ ಗಟ್ಟಿಯಾಗಿ ಉಳಿದುಕೊಂಡವು. ಈಗ ದೊಡ್ಡಾಕೆಗೆ ಅರವತ್ತೊಂಬತ್ತು, ಚಿಕ್ಕಾಕೆಗೆ ಅರವತ್ತಾರು.

ಆರು ದಿನದ ಹಿಂದೆ ಚಿಕ್ಕಾಕೆ ತನ್ನ ಟೈಲರ್ ಅಂಗಡಿಯಲ್ಲಿ ಮೇಲಿನ ಹಲಗೆಯಿಂದ ಬಟ್ಟೆಯ ಥಾನು ಇಳಿಸಲು ಸ್ಟೂಲು ಹತ್ತಿದ್ದಳು. ಸ್ಟೂಲು ಒಂದು ಕಡೆ, ಇವಳು ಒಂದು ಕಡೆ. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಡಾಕ್ಟರು ಒಳಗೆ ಕಂಬಿ ಹಾಕಿ ಹೊಲಿದರು, ಆಪರೇಷನ್ ಚೆನ್ನಾಗಿಯೇ ಆಯಿತು. ತೊಂದರೆ ಇರುವುದು ಮುಂದಿನ ಆರು ವಾರದಲ್ಲಿ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಕ್ಕಸಿಗೆ, ಅಲ್ಲಿಂದ ಮತ್ತೆ ಮಂಚಕ್ಕೆ, ದಿನಕ್ಕೆ ಆರೇಳು ಸಲ ಅವಳನ್ನು ಯಾರಾದರೂ ಎತ್ತಿ ಕೂರಿಸಬೇಕು. ಚಿಕ್ಕಾಕೆಯ ಮಗಳು ದೂರದ ರೈಲುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವಳು, ವಾರದಲ್ಲಿ ನಾಲ್ಕು ದಿನ ಊರಲ್ಲೇ ಇರುವುದಿಲ್ಲ. ಪಾಪ, ಅವಳು ಓಡಾಡಿ ಒಂದು ಆರೈಕೆ ಕೇಂದ್ರ ಹುಡುಕಿ, ಫಾರಂ ತುಂಬಿಸಿ ಇಟ್ಟುಕೊಂಡಿದ್ದಳು.

"ಅಲ್ಲಿಗೆ" ಅಂದರೆ ಆ ಕೇಂದ್ರಕ್ಕೆ. ಇವರ ಗೆಳತಿ ಹೂವಿನಂಗಡಿಯಾಕೆ ಕಾಲು ಉಳುಕಿಸಿಕೊಂಡು ಮೂರು ವಾರಕ್ಕೆಂದು ಅಂಥದ್ದೇ ಒಂದು ಜಾಗಕ್ಕೆ ಹೋಗಿದ್ದಳು. ಹೊತ್ತು ಹೊತ್ತಿಗೆ ಊಟ, ಮಾತ್ರೆ, ಒಗೆದ ಹಾಸಿಗೆ, ಯಾವುದಕ್ಕೂ ಕೊರತೆಯಿರಲಿಲ್ಲ. ಎಬ್ಬಿಸಿ ನಿಲ್ಲಿಸುವವರು ಮಾತ್ರ ಇರಲಿಲ್ಲ. ಮಲಗಿದಲ್ಲೇ ತೊಡೆ ಕರಗಿತು, ತೋಳು ಕರಗಿತು. ಎರಡು ವರ್ಷ ಬಿಟ್ಟು ಅವಳನ್ನು ನಾಲ್ಕು ಜನ ಹೊರಗೆ ತಂದರು. ಅದನ್ನು ಈ ಇಬ್ಬರೂ ಕಣ್ಣಾರೆ ನೋಡಿದ್ದರು, ನೋಡಿ ಬಂದ ಮೇಲೆ ಆ ಮಾತನ್ನೇ ಎತ್ತಿರಲಿಲ್ಲ.

ವಾರ್ಡಿನ ಫಿಸಿಯೋ ಹುಡುಗಿ ಖಡಾಖಂಡಿತ. "ಶುಕ್ರವಾರ ಹತ್ತು ಗಂಟೆಗೆ ಬನ್ನಿ. ಮನೇಲಿ ನೋಡ್ಕೊಳ್ಳೋರು ಯಾರೋ ಅವರೇ ಬರಬೇಕು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ಮೂರು ಸಲ, ಇನ್ನೊಬ್ಬರ ಸಹಾಯ ಇಲ್ಲದೆ. ಮಾಡಿ ತೋರಿಸಿದ್ರೆ ಮನೆಗೆ ಕಳಿಸ್ತೀನಿ. ಇಲ್ಲಾಂದ್ರೆ ಅವರು ಕೇಂದ್ರಕ್ಕೆ ಹೋಗೋದೇ ಒಳ್ಳೇದು. ಬಿದ್ರೆ ಇಬ್ಬರೂ ಬೀಳ್ತೀರ." ಆಮೇಲೆ ಪೆನ್ನು ತೆಗೆದು ದೊಡ್ಡಾಕೆಯನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಏನಾದ್ರೂ ವ್ಯಾಯಾಮ ಮಾಡ್ತೀರಾ ಅಮ್ಮಾ?"

"ಹದಿನಾಲ್ಕು ವರ್ಷದಿಂದ ಭಾರ ಎತ್ತುತೀನಿ. ವಾರಕ್ಕೆ ಎರಡು ದಿನ, ತಪ್ಪಿಸಿಲ್ಲ."

ಹುಡುಗಿಯ ಹುಬ್ಬು ಮೇಲೇರಿತು. "ಅಬ್ಬಾ! ಎಷ್ಟು ಎತ್ತುತೀರ?"

"ಎಂಟು ಕೆಜಿ."

ಹುಬ್ಬು ಇದ್ದಲ್ಲಿಗೇ ಇಳಿಯಿತು. ಹುಡುಗಿ ಒಳ್ಳೆಯವಳು, ನಗಲಿಲ್ಲ. "ಪರವಾಗಿಲ್ಲ, ಈ ವಯಸ್ಸಿಗೆ ಅದೂ ಒಳ್ಳೇದೇ" ಎಂದು ಬರೆದುಕೊಂಡಳು. ಮಂಚದ ಮೇಲೆ ಚಿಕ್ಕಾಕೆ ಯಾಕೋ ಕೆಮ್ಮಿದಳು.

ಎಂಟು ಕೆಜಿಗೇ ಏದುಸಿರು ಬಿಡುವವಳು ಐವತ್ತು ಕೆಜಿಯ ಹೆಂಗಸನ್ನು ಎತ್ತುತ್ತೇನೆಂದು ಯಾವ ಬಾಯಲ್ಲಿ ಹೇಳುವುದು? ಅಂಗಡಿಯಲ್ಲಿ ಹೊಲಿದಿಟ್ಟ ನೈಟಿ ತರುತ್ತೇನೆ ಎಂದು ನೆಪ ಹೇಳಿ ದೊಡ್ಡಾಕೆ ಮೆಟ್ಟಿಲಿಳಿದಳು. ಇಳಿಯುವಾಗ ಅವಳಿಗೆ ಅಳು ಬಂದಿತ್ತು. ಅದನ್ನು ಎದುರಿಗೆ ಬಂದ ವಾರ್ಡ್‌ಬಾಯ್ ಮೇಲೆ ಹಾಯ್ದು ತೀರಿಸಿಕೊಂಡಳು.

ಬಸ್ಸಿನಲ್ಲಿ ಕೂತಾಗ ನೆನಪಾದದ್ದೆಲ್ಲ ಹಳೆಯದೇ. ಎರಡು ಕೋಣೆ, ಒಂದು ಅಡುಗೆಮನೆ, ಒಂದೇ ಒಂದು ನಲ್ಲಿಯ ಆ ಮನೆ. ನಲ್ಲಿಯ ಕೆಳಗೆ ಮೊದಲು ಯಾರ ಕೊಡ ಎನ್ನುವುದರ ಮೇಲೆ ಮಾತಿಲ್ಲದ ಯುದ್ಧಗಳು ನಡೆಯುತ್ತಿದ್ದವು. ದೊಡ್ಡಾಕೆ ಪುಸ್ತಕ ಕಟ್ಟುವ ಬೈಂಡಿಂಗ್ ಕಾರ್ಖಾನೆಗೆ ಹೋಗುತ್ತಿದ್ದಳು. ಹಾಳೆ ಮಡಿಸುವುದು, ಕಂತೆ ಜೋಡಿಸುವುದು, ಬೆನ್ನು ಹೊಲಿಯುವುದು. ಕೂದಲೆಳೆಯಷ್ಟು ಓರೆಯಾದರೂ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಚಿಕ್ಕಾಕೆ ಮೂಲೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಕೂತಳು. ಇಬ್ಬರೂ ಸೂಜಿ ದಾರದವರೇ. ಆದರೂ ಒಬ್ಬಳ ಹೊಲಿಗೆಯನ್ನು ಇನ್ನೊಬ್ಬಳು ಹೊಗಳಿದ್ದು ಆ ಮನೆಯ ಗೋಡೆಗಳು ಕೇಳಿಲ್ಲ. "ಚೆನ್ನಾಗಿದೆ, ಆದ್ರೆ..." ಎನ್ನುವಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆ ಜಗಳಗಳಿಗೂ ಈಗ ಒಂದು ರುಚಿ ಬಂದಿತ್ತು. ಜಗಳವಾಡಲು ಆಗ ಎಷ್ಟೊಂದು ಜನ ಇದ್ದರು ಎಂದು ದೊಡ್ಡಾಕೆಗೆ ಅನ್ನಿಸಿತು.

ಐವತ್ತೊಂದಕ್ಕೆ ಅವಳ ಮುಟ್ಟು ನಿಂತಿತು. ಪೀಡೆ ಕಳೆಯಿತು ಎಂದು ನಿಟ್ಟುಸಿರು ಬಿಟ್ಟಳು. ಬಿಟ್ಟ ಉಸಿರು ಒಳಗೆ ಹೋಗುವಷ್ಟರಲ್ಲಿ ಬೇರೆ ಪೀಡೆಗಳು ಬಂದು ಕೂತವು. ಇದ್ದಕ್ಕಿದ್ದಂತೆ ಕಿವಿಯಿಂದ ಬೆಂಕಿ ಹೊರಟ ಹಾಗೆ ಸೆಕೆ. ಬೈಂಡಿಂಗ್ ಕೋಣೆಯಲ್ಲಿ ಹಾಳೆ ಹಾರುತ್ತದೆಂದು ಫ್ಯಾನು ಹಾಕುವಂತಿಲ್ಲ. ಅಂಟಿನ ಡಬ್ಬಿ ಪಕ್ಕದಲ್ಲಿ ಅವಳು ಬೆವರಿ ನೀರಾಗುತ್ತಿದ್ದಳು. ಮೂರು ವರ್ಷ ಹೀಗೇ ಕಳೆದ ಮೇಲೆ ಒಂದು ಸಂಜೆ ಕಾರ್ಖಾನೆಯ ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿ ಕೈಯೂರಿದಳು. ಊರಿದ ಕೈ ಮಣಿಕಟ್ಟಿನಲ್ಲಿ ಲಟಕ್ ಎಂದಿತು. ಬಿದ್ದದ್ದು ಒಂದೇ ಮೆಟ್ಟಿಲು. ಡಾಕ್ಟರು ಸ್ಕ್ಯಾನ್ ನೋಡಿ, "ಮುಟ್ಟು ನಿಂತ ಮೇಲೆ ಮೂಳೆ ಸವೆಯೋದು ಜೋರಾಗತ್ತೆ. ನಿಮ್ಮದು ಸ್ವಲ್ಪ ಹೆಚ್ಚೇ ಸವೆದಿದೆ" ಎಂದರು. ಮನೆಯಲ್ಲಿ ಯಾರಿಗಾದರೂ ಹೀಗಿತ್ತಾ ಎಂದು ಕೇಳಿದರು.

ಇತ್ತು. ಅವಳ ಅಮ್ಮನಿಗೆ ಇತ್ತು. ಅಮ್ಮ ಅರವತ್ತಕ್ಕೆ ಬಾಗತೊಡಗಿದವಳು ಎಪ್ಪತ್ತಕ್ಕೆ ಎರಡಾಗಿ ಮಡಚಿಹೋಗಿದ್ದಳು. ಕೊನೆಯ ಏಳು ವರ್ಷ ಅವಳಿಗೆ ಕಂಡದ್ದು ನೆಲ, ಬಾಗಿಲ ಬುಡ, ಜನರ ಪಾದ. ಯಾರು ಬಂದರೂ ಕಾಲು ನೋಡಿ ಗುರುತು ಹಿಡಿಯುತ್ತಿದ್ದಳು. ತವರಿಗೆ ಹೋದಾಗೆಲ್ಲ ದೊಡ್ಡಾಕೆ ನೆಲದ ಮೇಲೆ ಅಂಗಾತ ಮಲಗಿ ಅಮ್ಮನಿಗೆ ತನ್ನ ಮುಖ ತೋರಿಸುತ್ತಿದ್ದಳು. ಅಮ್ಮ ನಗುತ್ತಿದ್ದಳು, ಇವಳೂ ನಗುತ್ತಿದ್ದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಹಾಗಾಗಿ ಔಷಧಾಲಯದ ಮೇಲಿನ ಮಹಡಿಯ ಹಾಲ್‌ನಲ್ಲಿ ಐವತ್ತು ದಾಟಿದ ಹೆಂಗಸರಿಗೆ ಭಾರ ಎತ್ತುವುದನ್ನು ಕಲಿಸುತ್ತಾರೆ ಎಂದು ಗೊತ್ತಾದಾಗ ದೊಡ್ಡಾಕೆ ಹಿಂದೆ ಮುಂದೆ ನೋಡಲಿಲ್ಲ. ಒಬ್ಬಳೇ ಹೋಗಲು ನಾಚಿಕೆಯಾಗಿ ಚಿಕ್ಕಾಕೆಯನ್ನು ಎಳೆದುಕೊಂಡು ಹೋದಳು. ಚಿಕ್ಕಾಕೆ "ನನಗಿನ್ನೂ ಟೈಮಿದೆ" ಎಂದು ಮೂಗು ಮುರಿಯುತ್ತಲೇ ಬಂದಳು. ಮಂಗಳವಾರ, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ. ಹೂವಿನಂಗಡಿಯಾಕೆ, ಶಾಲೆಯ ಅಡುಗೆಯಾಕೆ, ಲೈಬ್ರರಿಯಾಕೆ, ಇವರಿಬ್ಬರು. ಕಲಿಸುವ ಮೇಡಂ ಗಿಡ್ಡಗೆ, ಗಟ್ಟಿಮುಟ್ಟಾಗಿ, ಕತ್ತಿನಲ್ಲಿ ಒಂದು ಸೀಟಿ ನೇತು ಹಾಕಿಕೊಂಡಿರುತ್ತಿದ್ದಳು. ಹಾಲಿನಲ್ಲಿ ಕಬ್ಬಿಣದ ಸಾಮಾನು ಒಂದೂ ಇರಲಿಲ್ಲ. ಚಿಕ್ಕಾಕೆಯೇ ಎಲ್ಲರಿಗೂ ದಪ್ಪ ಕ್ಯಾನ್ವಾಸಿನ ಚೀಲ ಹೊಲಿದು, ಹಿಡಿ ಇಟ್ಟು, ಮರಳು ತುಂಬಿಸಿ ತಂದಳು. ನೆಲದಿಂದ ಚೀಲ ಎತ್ತಿ ಮೇಜಿನ ಮೇಲಿಡುವುದು. ಚೀಲವನ್ನು ಎದೆಗವಚಿಕೊಂಡು ಕುರ್ಚಿಯಿಂದ ಏಳುವುದು, ಕೂರುವುದು. ಹತ್ತು ಸಲ, ಸ್ವಲ್ಪ ವಿಶ್ರಾಂತಿ, ಮತ್ತೆ ಹತ್ತು ಸಲ.

"ಬೆನ್ನು ನೆಟ್ಟಗೆ! ಭಾರ ಹಿಮ್ಮಡಿಗೆ! ಉಸಿರು ಬಿಡಿ, ಸತ್ತೋಗ್ತೀರ!" ಎಂದು ಮೇಡಂ ಕೂಗುತ್ತಿದ್ದಳು. ಅಡುಗೆಯಾಕೆ ನಕ್ಕು ನಕ್ಕು ಚೀಲದ ಸಮೇತ ನೆಲದ ಮೇಲೆ ಕೂತುಬಿಡುತ್ತಿದ್ದಳು. ಆ ಹಾಲಿನ ಗೊಳ್ಳೆನ್ನುವ ನಗು, ಮರಳಿನ ವಾಸನೆ, ಕಿಟಕಿಯಿಂದ ಬೀಳುತ್ತಿದ್ದ ಮೂರು ಗಂಟೆಯ ಬಿಸಿಲು. ಮಕ್ಕಳು ಮರಿ, ಗಂಡ, ಅತ್ತೆ ಎಲ್ಲ ಬಿಟ್ಟು ತಮ್ಮ ಮೈಗೋಸ್ಕರ ಮಾತ್ರ ಕಳೆದ ಮೊದಲ ಗಂಟೆಗಳು ಅವು. ಅಂಥ ಮಧ್ಯಾಹ್ನಗಳು ಇನ್ನು ಬಾರವು ಎಂದು ಆಗ ಯಾರಿಗೆ ಗೊತ್ತಿತ್ತು.

ಮೇಡಂ ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದಳು. "ಕೆಲಸ ಕೊಟ್ರೆ ಮೂಳೆ ನಿಲ್ಲತ್ತೆ. ಕೊಟ್ಟಿದ್ದನ್ನೇ ಕೊಡ್ತಾ ಇದ್ರೆ ಅದು ನಿದ್ದೆ ಹೋಗತ್ತೆ. ತಿಂಗಳು ತಿಂಗಳು ಒಂಚೂರು ಜಾಸ್ತಿ ಕೇಳಿ." ಹಾಗೆಯೇ ದೊಡ್ಡಾಕೆ ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಆರಕ್ಕೆ, ಮೂರನೇ ವರ್ಷಕ್ಕೆ ಎಂಟಕ್ಕೆ ಏರಿದಳು. ಎಂಟು ಎತ್ತಿದ ವಾರವೇ ಬೆನ್ನು ಹಿಡಿದುಕೊಂಡಿತು. ಬರೀ ಸ್ನಾಯು ಹಿಡಿದದ್ದು, ನಾಲ್ಕು ದಿನಕ್ಕೆ ಬಿಟ್ಟಿತು. ಆದರೆ ಆ ನಾಲ್ಕು ದಿನ ಹಾಸಿಗೆಯಲ್ಲಿ ಅವಳು ನೋಡಿದ್ದೆಲ್ಲ ಅಮ್ಮನ ಬಾಗಿದ ಬೆನ್ನನ್ನೇ. ಎದ್ದವಳು ಚೀಲದ ಮೇಲೆ ಬೈಂಡಿಂಗ್ ಶಾಯಿಯಲ್ಲಿ ದೊಡ್ಡದಾಗಿ 8 ಎಂದು ಬರೆದಳು. "ಇಷ್ಟೇ. ಇದಕ್ಕಿಂತ ಒಂದು ಗ್ರಾಂ ಜಾಸ್ತಿ ಎತ್ತೋದಿಲ್ಲ. ಮೇಡಂ ಹೇಳಲಿ, ಮೇಡಂನ ಅಪ್ಪ ಬಂದು ಹೇಳಲಿ." ಅವಳು ಒಮ್ಮೆ ಪಟ್ಟು ಹಿಡಿದರೆ ಹಿಡಿದಳೇ. ಮೇಡಂ ಕೈಚೆಲ್ಲಿದಳು. ಚಿಕ್ಕಾಕೆ ಹಲ್ಲಲ್ಲಿ ದಾರ ಕಚ್ಚಿ ಕತ್ತರಿಸಿದಳು.

ಮೇಡಂಗೆ ವರ್ಗವಾಯಿತು, ಹಾಲು ಗೋದಾಮಾಯಿತು. ಅಡುಗೆಯಾಕೆ ಊರು ಬಿಟ್ಟಳು, ಲೈಬ್ರರಿಯಾಕೆ ತೀರಿಕೊಂಡಳು, ಹೂವಿನಂಗಡಿಯಾಕೆಯ ಕತೆ ಹೇಳಿಯಾಯಿತು. ಓರಗಿತ್ತಿಯರಿಬ್ಬರೇ ಚಿಕ್ಕಾಕೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕ, ಅದೇ ದಿನ ಅದೇ ಗಂಟೆಗೆ ಮುಂದುವರಿಸಿಕೊಂಡು ಬಂದರು. ಹನ್ನೊಂದು ವರ್ಷ ಅದೇ ಎಂಟು ಕೆಜಿ. ಅದು ಹಗುರವಾಗುವ ಲಕ್ಷಣವೇ ಇರಲಿಲ್ಲ. "ನೋಡೇ, ಮೊದಲ ದಿನ ಎಷ್ಟು ಭಾರ ಇತ್ತೋ ಇವತ್ತೂ ಅಷ್ಟೇ ಭಾರ. ನಾನು ಇಳೀತಾ ಇದೀನಿ" ಎಂದು ದೊಡ್ಡಾಕೆ ವರ್ಷಗಟ್ಟಲೆ ಗೊಣಗಿದಳು. ಸ್ಕ್ಯಾನ್ ಮಾಡಿದಾಗೆಲ್ಲ ಡಾಕ್ಟರು ಮಾತ್ರ, "ವಿಚಿತ್ರ, ನಿಮ್ಮ ಮೂಳೆ ಇಳಿದಿಲ್ಲ. ಒಂಚೂರು ಏರಿದೆ" ಎನ್ನುತ್ತಿದ್ದರು. ಅವಳು ಅದನ್ನು ಬೆಳಿಗ್ಗೆ ಕುಡಿಯುವ ಹಾಲಿನ ಖಾತೆಗೆ ಹಾಕುತ್ತಿದ್ದಳು.

ಅಂಗಡಿಯ ಬೀಗ ತೆಗೆದಾಗ ಗಡಿಯಾರದಲ್ಲಿ ಮೂರು ಗಂಟೆ. ಸ್ಟೂಲು ಇನ್ನೂ ಬಿದ್ದಲ್ಲೇ ಬಿದ್ದಿತ್ತು. ದೊಡ್ಡಾಕೆ ಅದನ್ನು ಎತ್ತಿ ನಿಲ್ಲಿಸಿ, ಎರಡು ಬೈಗುಳ ಬೈದು, ನೈಟಿಗಳನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು. ಹೊರಡಬೇಕಿತ್ತು. ಮಂಗಳವಾರ, ಮೂರು ಗಂಟೆ. ಕಾಲುಗಳು ತಾವಾಗಿ ಹಿಂದಿನ ಕೋಣೆಗೆ ಹೋದವು. ಕ್ಯಾನ್ವಾಸು ಚೀಲವನ್ನು ಎದೆಗವಚಿಕೊಂಡು ಕುರ್ಚಿಯಲ್ಲಿ ಕೂತಳು, ಎದ್ದಳು, ಕೂತಳು. ಆರನೆಯ ಸಲ ಕೂತಾಗ ಬೆರಳು ಚೀಲದ ಅಡಿಯ ಹೊಲಿಗೆಯ ಮೇಲೆ ಓಡಿತು.

ಮೂವತ್ತು ವರ್ಷ ಪುಸ್ತಕದ ಬೆನ್ನು ಹೊಲಿದ ಬೆರಳು ಅದು. ಬಟ್ಟೆ ಹದಿನಾಲ್ಕು ವರ್ಷದ್ದು, ದಾರ ಎರಡು ತಿಂಗಳಿನದ್ದು. ದಾರದ ಅಕ್ಕಪಕ್ಕ ಸೂಜಿ ಹೋಗಿ ಬಂದ ಹಳೆಯ ತೂತುಗಳು ಸಾಲು ಸಾಲಾಗಿದ್ದವು. ಈ ಹೊಲಿಗೆಯನ್ನು ಒಂದಲ್ಲ ಹತ್ತಲ್ಲ, ಐವತ್ತು ಅರವತ್ತು ಸಲ ಬಿಚ್ಚಿ ಮತ್ತೆ ಹಾಕಲಾಗಿತ್ತು. ಹನ್ನೊಂದು ವರ್ಷ ಅವಳು ಈ ಚೀಲವನ್ನು ಎತ್ತಿದ್ದಳು, ಎದೆಗವಚಿಕೊಂಡಿದ್ದಳು, ಅಡಿ ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಕತ್ತರಿ ತಂದು ದಾರ ಬಿಚ್ಚಿದಳು.

ಒಳಗೆ ಮರಳೇ ಇರಲಿಲ್ಲ.

ಇದ್ದದ್ದು ಗಂಟುಗಳು. ನಿಂಬೆಹಣ್ಣಿಗಿಂತ ಕೊಂಚ ದೊಡ್ಡ ಬಟ್ಟೆಯ ಗಂಟುಗಳು, ಒಂದಕ್ಕೊಂದು ಒತ್ತೊತ್ತಾಗಿ. ಒಂದನ್ನು ಬಿಚ್ಚಿದರೆ ಅಂಗೈ ತುಂಬ ಕಬ್ಬಿಣದ ಬಿಲ್ಲೆ. ಅವನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಚಿಕ್ಕಾಕೆಯ ಗಂಡ ಲೇತ್ ಕಾರ್ಖಾನೆ ಇಟ್ಟಿದ್ದಾಗ ತಗಡಿಗೆ ತೂತು ಹೊಡೆದು ಉಳಿಯುತ್ತಿದ್ದ ಬಿಲ್ಲೆಗಳು, ಹಿತ್ತಿಲಿನಲ್ಲಿ ಒಂದು ಡ್ರಮ್ಮು ತುಂಬ ಬಿದ್ದಿದ್ದವು. ಕಬ್ಬಿಣ ಒಂದಕ್ಕೊಂದು ತಾಗಿ ಸದ್ದಾಗದಿರಲೆಂದು ಚಿಕ್ಕಾಕೆ ಬಟ್ಟೆಯಲ್ಲಿ ಬಿಗಿದು ಕಟ್ಟಿದ್ದಳು. ಒಂದು ಹಿಡಿ ಮರಳು ಹೊರಗೆ, ಒಂದು ಗಂಟು ಒಳಗೆ. ಚೀಲ ಉಬ್ಬುವುದಿಲ್ಲ, ಭಾರ ಮಾತ್ರ ಏರುತ್ತದೆ.

"ಕಳ್ಳಿ!" ಎಂದು ದೊಡ್ಡಾಕೆ ಖಾಲಿ ಕೋಣೆಯಲ್ಲಿ ಕಿರುಚಿದಳು. "ಹನ್ನೊಂದು ವರ್ಷ! ಮುಖ ನೋಡಿದ್ರೆ ಬಾಯಲ್ಲಿ ಬೆರಳಿಟ್ರೂ ಕಚ್ಚದವಳ ಹಾಗೆ!" ಸಿಟ್ಟು ನಿಜವಾದದ್ದೇ. ತಾನು ನರಳಿದ್ದು, ಗೊಣಗಿದ್ದು, ನಾನು ಇಳಿಯುತ್ತಿದ್ದೇನೆ ಎಂದು ಕಣ್ಣೀರಿಟ್ಟದ್ದು, ಅದನ್ನೆಲ್ಲ ಆ ಮಹಾತಾಯಿ ದಾರ ಕಚ್ಚಿಕೊಂಡು ಕೇಳಿಸಿಕೊಂಡಿದ್ದಳು!

ಸಿಟ್ಟಿನಲ್ಲೇ ಗಂಟುಗಳನ್ನು ಮೇಜಿನ ಮೇಲೆ ಸುರಿದಳು. ಸುರಿದ ಮೇಲೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಟ್ಟೆಗಳು ಒಂದೊಂದಾಗಿ ಮಾತಾಡತೊಡಗಿದ್ದವು. ಈ ಎಲೆಹಸಿರು ಅವಳು ಬೈಂಡಿಂಗ್ ಕೆಲಸದಿಂದ ನಿವೃತ್ತಳಾದ ದಿನ ಹಾಕಿಕೊಂಡಿದ್ದ ಉಡುಪಿನದು. "ಚೆನ್ನಾಗಿದೆ, ಆದ್ರೆ ತೋಳು ಸಡಿಲ" ಎಂದು ತಾನೇ ಕೊಂಕು ತೆಗೆದಿದ್ದಳು. ಬೂದು ಗೀಟಿನದು ತನ್ನ ಗಂಡನ ಪ್ಯಾಂಟಿನ ಚೂರು. ಕೊನೆಯ ವರ್ಷ ಅವನು ಸೊರಗುತ್ತಾ ಹೋದಂತೆ ಚಿಕ್ಕಾಕೆ ತಿಂಗಳಿಗೊಮ್ಮೆ ಅದರ ಸೊಂಟ ಹಿಡಿದುಕೊಡುತ್ತಿದ್ದಳು, ಒಂದು ದಿನವೂ ಕೇಳಿಸಿಕೊಳ್ಳದೆ, ಹೇಳಿಸಿಕೊಳ್ಳದೆ. ಕಡುನೀಲಿಯದು ರೈಲು ಕೆಲಸ ಸಿಕ್ಕಿದಾಗ ಮಗಳಿಗೆ ಹೊಲಿದ ಕೋಟಿನದು. ಎಣ್ಣೆಯ ಕಲೆ ಹೋಗದ ಖಾಕಿ, ಲೇತಿನ ಮುಂದೆ ನಿಲ್ಲುತ್ತಿದ್ದ ಮೈದುನನ ಅಂಗಿ. ಅದನ್ನು ಮೂಗಿಗೆ ಹಿಡಿದರೆ ಇನ್ನೂ ಅವನ ಕಾರ್ಖಾನೆ ಅಲ್ಲೇ ಇತ್ತು. ಹೂವಿನಂಗಡಿಯಾಕೆಯ ಕಿತ್ತಳೆ ಬಣ್ಣದ ಏಪ್ರನ್. ಯಾರದೆಂದು ತಿಳಿಯದ ಎಷ್ಟೋ ಚೂರುಗಳು, ಗಿರಾಕಿಗಳ ಪರದೆ, ದಿಂಬು, ಯಾರ ಮಗುವಿನದೋ ಚುಕ್ಕಿ ಚುಕ್ಕಿ ಬಟ್ಟೆ. ಮತ್ತೆ ಅಂಚಿಗೆ ಕೆಂಪು ದಾರದ ಒಂದು ಬಿಳಿ ಕರ್ಚೀಫು. ಹಿಂದೊಮ್ಮೆ ತನ್ನ ಕರ್ಚೀಫನ್ನು ಲೈಬ್ರರಿಯಾಕೆ ಕದ್ದಳೆಂದು ದೊಡ್ಡಾಕೆ ಅವಳೊಡನೆ ಎರಡು ತಿಂಗಳು ಮಾತು ಬಿಟ್ಟಿದ್ದಳು, ಇದು ಅದೇ ಕರ್ಚೀಫು.

"ಅಯ್ಯೋ ನಿನ್ನ!" ಎಂದು ದೊಡ್ಡಾಕೆ ಮೇಜಿಗೆ ಒರಗಿ ನಕ್ಕಳು. ನಗು ಅಳುವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತೀರಿಹೋದವರನ್ನೆಲ್ಲ ಹನ್ನೊಂದು ವರ್ಷ ಎದೆಗೆ ಒತ್ತಿಕೊಂಡು ಎದ್ದು ಕೂತು ಮಾಡಿದ್ದಳು, ಒಂದೂ ಗೊತ್ತಿಲ್ಲದೆ. ಕಣ್ಣೊರೆಸಿಕೊಂಡು ಎಣಿಸಿದಳು. ಅರವತ್ತಮೂರು ಗಂಟು.

ಎಲ್ಲವನ್ನೂ ಮತ್ತೆ ತುಂಬಿ, ಪುಸ್ತಕದ ಬೆನ್ನಿಗೆ ಹಾಕುವ ಬಿಗಿ ಹೊಲಿಗೆ ಹಾಕಿ, ಚೀಲವನ್ನು ಅಪ್ಪಿಕೊಂಡು ರಸ್ತೆ ದಾಟಿದಳು. ಔಷಧಿ ಅಂಗಡಿಯ ಮುಂದಿನ ತೂಕದ ಯಂತ್ರದ ಮೇಲೆ ಚೀಲದೊಡನೆ ನಿಂತಳು, ಚೀಲ ಕೆಳಗಿಟ್ಟು ಮತ್ತೆ ನಿಂತಳು. ಎಪ್ಪತ್ತೈದು. ಐವತ್ತನಾಲ್ಕು.

"ಅಮ್ಮಾ, ಹಿಂಗೆ ತೂಕ ಇಳಿಸೋದು ನಮಗೂ ಹೇಳಿಕೊಡಿ" ಎಂದ ಅಂಗಡಿಯವನು.

ದೊಡ್ಡಾಕೆಯ ಕಿವಿಗೆ ಅವನ ಮಾತು ಬೀಳಲಿಲ್ಲ. ಇಪ್ಪತ್ತೊಂದು! ಎಂಟು ಎಂದು ತಿಳಿದು ಇಪ್ಪತ್ತೊಂದನ್ನು ಎತ್ತುತ್ತಿದ್ದಳು. ಹಾಗೆಂದು ಇಪ್ಪತ್ತೊಂದೇನೂ ಐವತ್ತಲ್ಲ. ಆದರೆ ಎಂಟಕ್ಕೆ ಬಾಯಿ ಬಿಡಲು ಧೈರ್ಯವಿಲ್ಲದವಳಿಗೆ ಇಪ್ಪತ್ತೊಂದಕ್ಕೆ ಬಂತು. ಅಲ್ಲಿಂದಲೇ ಮಗಳಿಗೆ ಫೋನು ಮಾಡಿದಳು. "ಆ ಫಾರಂ ಈಗಲೇ ಕೊಡಬೇಡ. ಶುಕ್ರವಾರ ಹತ್ತು ಗಂಟೆವರೆಗೂ ತಡಿ."

"ದೊಡ್ಡಮ್ಮಾ, ನಿಮ್ಮ ಕೈಲಿ ಆಗತ್ತಾ?" ಎಂದಳು ಮಗಳು. ದನಿಯಲ್ಲಿ ಆಸೆಯೂ ಇತ್ತು, ಹೆದರಿಕೆಯೂ ಇತ್ತು.

"ನಿಮ್ಮಮ್ಮನ ಕೈಚಳಕ. ಶುಕ್ರವಾರ ನೋಡೋಣ."

ಬುಧವಾರ ವಾರ್ಡಿನಲ್ಲಿ ಇಬ್ಬರೂ ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವರಂತೆ ಕೂತರು.

"ಅಂಗಡಿಗೆ ಹೋಗಿದ್ಯಾ ಅಕ್ಕಾ?"

"ಹೋಗಿದ್ದೆ."

"ಎಲ್ಲಾ ಇದ್ದ ಹಾಗೇ ಇದ್ಯಾ?"

"ಇದ್ದ ಹಾಗೇ ಇದೆ. ಇಲಿ ಓಡಾಡಿದ ಹಾಗಿತ್ತು. ಯಾವುದೋ ಹಳೇ ಹೆಣ್ಣಿಲಿ."

ಚಿಕ್ಕಾಕೆ ಚಾವಣಿ ನೋಡಿದಳು. ಅವಳ ತುಟಿಯ ತುದಿ ಒಂದು ಗಳಿಗೆ ನಡುಗಿ ಮತ್ತೆ ಗಂಭೀರವಾಯಿತು. ಬುಧವಾರವೂ ಗುರುವಾರವೂ ದೊಡ್ಡಾಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆವರು ಕಿತ್ತು ಬರುವವರೆಗೆ ಎದ್ದಳು, ಕೂತಳು.

ಶುಕ್ರವಾರ ಹತ್ತು ಗಂಟೆಗೆ ಫಿಸಿಯೋ ಹುಡುಗಿ ಮಂಚದ ಪಕ್ಕ ಕುರ್ಚಿ ಹಾಕಿದಳು. ಚಿಕ್ಕಾಕೆಯ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, ಹೇಗೆ ಹಿಡಿಯಬೇಕು, ಯಾವ ಮಂಡಿ ಎಲ್ಲಿಡಬೇಕು, ಆಪರೇಷನ್ ಆದ ಕಾಲಿನ ಮೇಲೆ ಭಾರ ಬೀಳದಂತೆ ಹೇಗೆ ತಿರುಗಿಸಬೇಕು ಎಂದು ಎರಡು ಸಲ ತೋರಿಸಿದಳು. ಮಗಳು ರೈಲಿನ ಕೋಟಿನಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಫಾರಂ ಅವಳ ಕೈಯಲ್ಲಿತ್ತು. ಚಿಕ್ಕಾಕೆ ಮಂಚದ ಅಂಚಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದಳು.

ದೊಡ್ಡಾಕೆ ಪಾದ ಅಗಲಿಸಿ ಊರಿದಳು. ಬೆನ್ನು ನೆಟ್ಟಗೆ, ಭಾರ ಹಿಮ್ಮಡಿಗೆ. ಚಿಕ್ಕಾಕೆಯ ಎರಡು ಕೈಗಳನ್ನೂ ತನ್ನ ಹೆಗಲ ಮೇಲೆ ಹಾಕಿಕೊಂಡಳು. ಒಂದೇ ಮನೆಯಲ್ಲಿ ಅಷ್ಟು ವರ್ಷ ಬಾಳಿದ ಈ ಇಬ್ಬರು ಒಬ್ಬರನ್ನೊಬ್ಬರು ಒಮ್ಮೆಯೂ ಅಪ್ಪಿಕೊಂಡವರಲ್ಲ. ಇದ್ದಬದ್ದ ಶಕ್ತಿಯನ್ನೆಲ್ಲ ತೊಡೆಗೆ ತಂದುಕೊಂಡು, ಹಲ್ಲು ಕಚ್ಚಿ, ಉಸಿರು ಬಿಡುತ್ತಾ ಎತ್ತಿದಳು.

ಚಿಕ್ಕಾಕೆ ಹೂವೆತ್ತಿದ ಹಾಗೆ ಮೇಲೆ ಬಂದುಬಿಟ್ಟಳು. ದೊಡ್ಡಾಕೆ ಐವತ್ತಕ್ಕೆ ಸಜ್ಜಾಗಿ ನಿಂತಿದ್ದಳು, ಇದು ಐವತ್ತು ಇರಲಿಲ್ಲ, ನಲವತ್ತೂ ಇದ್ದಂತಿರಲಿಲ್ಲ. ಎತ್ತಿದ ರಭಸಕ್ಕೆ ಅವಳೇ ಒಂದು ಹೆಜ್ಜೆ ಹಿಂದೆ ಸರಿದಳು.

"ಸೂಪರ್ ಅಮ್ಮಾ!" ಎಂದಳು ಫಿಸಿಯೋ ಹುಡುಗಿ. "ಈಗ ನಿಧಾನಕ್ಕೆ ತಿರುಗಿಸಿ ಕೂರಿಸಿ."

ದೊಡ್ಡಾಕೆ ಕೂರಿಸಲಿಲ್ಲ. ತೆಳು ಉಡುಪಿನ ಒಳಗೆ ಬೆನ್ನಿನ ಮೂಳೆಗಳು ಅವಳ ಬೆರಳಿಗೆ ಒಂದೊಂದಾಗಿ ಸಿಗುತ್ತಿದ್ದವು. ಹೆಗಲ ಮೇಲಿದ್ದ ತೋಳುಗಳಲ್ಲಿ ಚರ್ಮ ಬಿಟ್ಟರೆ ಏನೂ ಉಳಿದಿರಲಿಲ್ಲ. ಮೈದುನ ಹೋದ ಮೇಲೆ, ಆಮೇಲೆ ಚಿಕ್ಕಾಕೆಗೆ ನ್ಯುಮೋನಿಯಾ ಬಂದು ಹೋದ ಮೇಲೆ, ಅವಳು ತನ್ನ ಚೀಲ ಎತ್ತಿದ್ದನ್ನು ನೋಡಿದ ನೆನಪೇ ದೊಡ್ಡಾಕೆಗೆ ಬರಲಿಲ್ಲ. ಪಕ್ಕದಲ್ಲಿ ನಿಂತು "ಹೂಂ, ಇನ್ನೂ ನಾಲ್ಕು" ಎನ್ನುತ್ತಿದ್ದದ್ದಷ್ಟೇ ನೆನಪು. ಎರಡು ವರ್ಷವೋ, ಮೂರು ವರ್ಷವೋ. ತನ್ನ ನೋವು, ತನ್ನ ಬೆನ್ನು, ತನ್ನ ಎಂಟು ಕೆಜಿ ಎಂದು ಬಡಬಡಿಸುತ್ತಾ ಇದ್ದವಳಿಗೆ, ಎದುರಿಗೇ ಒಂದು ಜೀವ ಕರಗುತ್ತಿದ್ದದ್ದು ಕಂಡಿರಲಿಲ್ಲ.

"ಏನೇ ಇದು?" ಎಂದು ಅವಳ ಕಿವಿಯಲ್ಲಿ ಗದರಿದಳು. ಗದರಿಕೆ ಅರ್ಧಕ್ಕೇ ಒಡೆಯಿತು. "ಏನಿದು ಹಿಂಗಾಗಿದೀಯ? ನನಗೆ ಕಬ್ಬಿಣ ತುಂಬ್ತಾ ಕೂತಿದ್ದೆ, ನಿನಗೆ ಯಾರು ತುಂಬೋರು?"

"ಇಲಿ ಅಂದಾಗಲೇ ಗೊತ್ತಾಯ್ತು" ಎಂದು ಚಿಕ್ಕಾಕೆ ಅವಳ ಹೆಗಲಿನಲ್ಲೇ ಪಿಸುಗುಟ್ಟಿದಳು. "ನೀನು ಬಾಗಿಬಿಟ್ರೆ ನಾನು ಯಾರ ಮುಖ ನೋಡಿಕೊಂಡು ಇರೋದು ಅಕ್ಕಾ" ಎಂದಳು.

ದೊಡ್ಡಾಕೆ ಅವಳನ್ನು ತಿರುಗಿಸಿ ಕುರ್ಚಿಯಲ್ಲಿ ಕೂರಿಸಿದಳು, ಎತ್ತಿ ಮಂಚಕ್ಕೆ ತಂದಳು, ಮತ್ತೆ ಕುರ್ಚಿ, ಮತ್ತೆ ಮಂಚ. ಮೂರು ಸಲ ಎಂದದ್ದು ನಾಲ್ಕಾಯಿತು, ಯಾರೂ ತಡೆಯಲಿಲ್ಲ. ಮಗಳು ಬಾಗಿಲಲ್ಲಿ ನಿಂತು ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಸಾಕಮ್ಮಾ, ಸಾಕು!" ಎಂದು ಫಿಸಿಯೋ ಹುಡುಗಿ ನಕ್ಕು ಕಾಗದಕ್ಕೆ ಸಹಿ ಹಾಕಿದಳು. "ಮಧ್ಯಾಹ್ನವೇ ಮನೆಗೆ ಕರ್ಕೊಂಡು ಹೋಗಿ."

"ಕರ್ಕೊಂಡು ಹೋಗ್ತೀನಿ" ಎಂದಳು ದೊಡ್ಡಾಕೆ. ಚಿಕ್ಕಾಕೆಯ ಸೊಂಟದ ಪಟ್ಟಿಯನ್ನು ಅವಳು ಇನ್ನೂ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. "ಎತ್ತೋದು ನನಗೆ ಬರತ್ತೆ ತಾಯಿ. ಇವಳು ಮತ್ತೆ ಭಾರ ಆಗಬೇಕು. ಅದಕ್ಕೆ ದಿನಾ ಏನೇನು ಮಾಡಬೇಕು ಅಂತ ಮೊದಲು ಬರೆದುಕೊಡು."